ಖಾರದ ರಸ್ಸಾಕ್ಕೆ ಬರೋಲೊ ಅಲ್ಲ, ಬಾರ್ಬೆರಾ

ಸಾಂಗ್ಲಿ ಜಿಲ್ಲೆಯ ಜತ್ತ, ತಾಸಗಾಂವ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇಟಲಿಯ ಪಿಯೆಮೊಂಟೆ ಪ್ರಾಂತದ ಲೆಕ್ಕ ಹೇಳಿದರೆ ನಗು ಬಂದೀತು. ಬರೋಲೊ ವೈನಿಗೆ ಹೆಕ್ಟೇರಿಗೆ 8 ಟನ್ ಮೀರಿ ಹಣ್ಣು ತೆಗೆಯಬಾರದೆಂದು ಅಲ್ಲಿ ಕಾನೂನೇ ಇದೆ. ಎಕರೆಗೆ ಮೂರು ಟನ್ ಚಿಲ್ಲರೆ ಆಯಿತು! ನಮ್ಮಲ್ಲಿ ಅಷ್ಟೇ ಬಂದರೆ ಬೆಳೆ ಔಷಧಿ ಅಂಗಡಿಯ ಬಾಕಿಯೂ ತೀರದು. ನಾವು ದ್ರಾಕ್ಷಿಯ ಮಣಿ ಉಬ್ಬಲೆಂದು ಗೊಂಚಲನ್ನು ಜಿಎ (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದುತ್ತೇವೆ. ಅವರಿಗೆ ಮಣಿ ಸಣ್ಣದೇ ಬೇಕು. ಕೆಂಪು ವೈನಿನ ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ. ಮಣಿ ಉಬ್ಬಿದಷ್ಟೂ ರಸ ಹೆಚ್ಚಿ ಸಿಪ್ಪೆಯ ಪಾಲು ಇಳಿಯುತ್ತದೆ. ಬೇಸಿಗೆಯಲ್ಲಿ ಅವರು ಹಸಿರು ಗೊಂಚಲುಗಳನ್ನೇ ಕತ್ತರಿಸಿ ನೆಲಕ್ಕೆ ಬೀಳಿಸುವುದೂ ಇಳುವರಿಗೆ ಕಡಿವಾಣ ಹಾಕಲೆಂದೇ. ಛಾಟಣಿಯೂ (ಬಳ್ಳಿ ಸವರುವುದು) ನಮ್ಮಂತೆ ಎಪ್ರಿಲ್ಲಿಗೊಂದು, ಅಕ್ಟೋಬರಿಗೊಂದು ಅಲ್ಲ. ಬಳ್ಳಿ ಚಳಿಗೆ ಮಲಗಿದಾಗ ಒಂದೇ ಸಲ.

ಅಲ್ಲಿನ ಸಣ್ಣ ವೈನರಿಗಳಲ್ಲಿ ಸಾಮಾನ್ಯವಾಗಿ ಮೂರು ಕೆಂಪು ತಳಿ ಇರುತ್ತವೆ. ಮೊದಲು ಮಾಗುವುದು ದೊಲ್ಚೆತ್ತೊ. ಹೆಸರಿಗೆ 'ಸಿಹಿ ಮರಿ', ವೈನು ಸಿಹಿಯಲ್ಲ; ಹುಳಿ ಕಡಿಮೆ, ಕೊನೆಗೆ ಬಾದಾಮಿ ಸಿಪ್ಪೆಯ ಸಣ್ಣ ಕಹಿ. ಬಾರ್ಬೆರಾದಲ್ಲಿ ಬಣ್ಣ ಗಾಢ, ಒಗರು ಕಡಿಮೆ, ಹಣ್ಣು ಪೂರ್ತಿ ಮಾಗಿದರೂ ಹುಳಿ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಕಡೆಗೆ ಬರುವುದು ನೆಬ್ಬಿಯೋಲೊ. ಬರೋಲೊ ಆಗುವುದು ಇದೊಂದರಿಂದಲೇ. ತಿಳಿ ಬಣ್ಣ ನೋಡಿ ಮೋಸ ಹೋಗಬೇಡಿ, ಕಾಯಿ ಚಿಕ್ಕು ಕಚ್ಚಿದಂಥ ಒಗರು. ಅದಕ್ಕೇ 38 ತಿಂಗಳು ಮಾಗಿಸಬೇಕೆಂಬ ನಿಯಮ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ.

ಕೆಲಸ ಕೆಡುವುದು ಹುದುಗಿನ ಹಂತದಲ್ಲಿ. ತೊಟ್ಟು ಬಿಡಿಸಿ ಒಡೆದ ಹಣ್ಣನ್ನು ತೊಟ್ಟಿಗೆ ಹಾಕಿದ ಒಂದೆರಡು ದಿನಕ್ಕೆ ಗ್ಯಾಸು ಸಿಪ್ಪೆಯನ್ನು ಮೇಲೆ ತಳ್ಳುತ್ತದೆ, ಗಟ್ಟಿ ಪದರ ಕಟ್ಟುತ್ತದೆ. ದಿನಕ್ಕೆ ಎರಡು ಸಲವಾದರೂ ಅದನ್ನು ಒತ್ತಿ ಮುಳುಗಿಸಬೇಕು, ಇಲ್ಲವೇ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಮೇಲೆ ಸುರಿಯಬೇಕು. ಬಿಟ್ಟರೆ ಪದರ ಒಣಗಿ, ನೊಣ ಮುತ್ತಿ, ವಿನೆಗರ್ ವಾಸನೆ ಶುರು. ಶಾಖ 25ರಿಂದ 30 ಡಿಗ್ರಿ ಇದ್ದರೆ ಸರಿ. 35 ದಾಟಿದರೆ ಯೀಸ್ಟ್ ಸೋತು ಹುದುಗು ಅರ್ಧಕ್ಕೇ ನಿಲ್ಲುತ್ತದೆ, ಉಳಿದ ಸಕ್ಕರೆ ಬ್ಯಾಕ್ಟೀರಿಯಾದ ಪಾಲು. ದೊಲ್ಚೆತ್ತೊಗೆ ಸಿಪ್ಪೆ-ಬೀಜದ ಜೊತೆ ಒಂದು ವಾರ ಸಾಕು, ಹೆಚ್ಚಾದರೆ ಬೀಜದ ಕಹಿ ಇಳಿಯುತ್ತದೆ. ಹಳೇ ಪದ್ಧತಿಯ ನೆಬ್ಬಿಯೋಲೊ ಮಾತ್ರ ಮೂರ್ನಾಲ್ಕು ವಾರ.

ಇನ್ನು ಊಟ. ದುಬಾರಿ ಬಾಟಲಿ ಎಂದು ಖಾರದ ಮಟನ್ ರಸ್ಸಾದ (ತೆಳು ಸಾರಿನ) ಮುಂದೆ ಬರೋಲೊ ಇಡುವವರಿದ್ದಾರೆ. ಎರಡೂ ಹಾಳು. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲು ಎಬ್ಬಿಸುತ್ತದೆ, ಉರಿಯುವ ನಾಲಗೆಗೆ ಒಗರು ಇನ್ನಷ್ಟು ಒರಟಾಗುತ್ತದೆ. ಆ ರಸ್ಸಾಕ್ಕೆ ಬಾರ್ಬೆರಾ ಕೊಡಿ: ಅದರ ಹುಳಿ ಬಾಯಲ್ಲಿ ಹತ್ತಿದ ತರ್ರಿಯ (ರಸ್ಸಾದ ಮೇಲೆ ತೇಲುವ) ಎಣ್ಣೆಯನ್ನು ತೊಳೆದು ಮುಂದಿನ ತುತ್ತಿಗೆ ಜಾಗ ಮಾಡುತ್ತದೆ. ಟೊಮೆಟೊ ಇದ್ದರೂ ಹೆದರಿಕೆಯಿಲ್ಲ. ಪುಂಡಿ ಪಲ್ಯೆಗೂ ಇದೇ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನು ನೀರು ನೀರಾಗುತ್ತದೆ, ದೊಲ್ಚೆತ್ತೊ ಅಲ್ಲಿ ನಿಲ್ಲುವುದಿಲ್ಲ. ಅದರ ಜಾಗ ಎಣ್ಣಿಗಾಯಿಯ ಪಕ್ಕ. ಗುರೆಳ್ಳಿನ ಕಹಿಗೂ ಶೇಂಗಾದ ಜಿಡ್ಡಿಗೂ ಅದರ ಬಾದಾಮಿ ರುಚಿ ಸರಿ ಹೊಂದುತ್ತದೆ, ಹುಣಸೆಹುಳಿ ಮಾತ್ರ ಕೈ ಹಿಡಿದು ಹಾಕಬೇಕು. ಸೋಲಾಪುರದ ಶೇಂಗಾ ಚಟ್ನಿ, ಕಡಕ್ ರೊಟ್ಟಿಗೆ ಇಟಲಿಯದೇ ಎಮಿಲಿಯಾ ಕಡೆಯ ಲಂಬ್ರುಸ್ಕೊ ಎಂಬ ವೈನು ನೋಡಿ, ಬಾಟಲಿಯ ಮೇಲೆ 'ಅಮಾಬಿಲೆ' ಎಂದಿರುವುದು. ಅರೆಸಿಹಿ, ಬುರುಗು, ತಣ್ಣಗೆ. ಖಾರವನ್ನು ಸಿಹಿ ತಗ್ಗಿಸುತ್ತದೆ.

ಬರೋಲೊಗೆ ಮಟನ್ನನ್ನೇ ಬೇರೆ ಥರ ಮಾಡಬೇಕು. ನಳ್ಳಿ ಎಲುಬು, ಕೊಬ್ಬು ಬಿಡದೆ ಒಂದು ಕಿಲೋ, ಕರಿಮೆಣಸು, ಲವಂಗ, ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿ, ಕೆಂಪು ಖಾರದ ಪುಡಿ ಅರ್ಧ ಚಮಚ ಮೀರದಂತೆ. ಸಣ್ಣ ಉರಿಯಲ್ಲಿ ಎರಡೂವರೆ ತಾಸು. ಒಗರು ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಉಪ್ಪು-ಕೊಬ್ಬು ಅದನ್ನು ಮೆತ್ತಗೆ ಮಾಡುತ್ತವೆ. ಜೋಳದ ರೊಟ್ಟಿ ಸಪ್ಪೆ, ಆದ್ದರಿಂದ ಮಾಂಸಕ್ಕೆ ಉಪ್ಪು ಒಂದು ಚಿಟಿಕೆ ಮುಂದೆ ಇರಲಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆ ಕೋಣೆಗಳಲ್ಲಿ ಹುಟ್ಟಿದ್ದು. ಮೇ ತಿಂಗಳ ಸೋಲಾಪುರದ ಕೋಣೆಯಲ್ಲಿ ಅದು ಕಷಾಯ. ಬರೋಲೊ 16ರಿಂದ 18 ಡಿಗ್ರಿ, ಬಾರ್ಬೆರಾ ಅದಕ್ಕಿಂತ ಒಂದೆರಡು ಕಡಿಮೆ, ಲಂಬ್ರುಸ್ಕೊ 12ರ ಹತ್ತಿರ. ಐಸ್ ನೀರಿನ ಬಕೆಟ್ಟಿನಲ್ಲಿ ಕಾಲು ತಾಸು ಇಟ್ಟರೆ ಕೆಂಪು ವೈನು ಹದಕ್ಕೆ ಬರುತ್ತದೆ. ಹಳೇ ಬರೋಲೊ ಆದರೆ ಹಿಂದಿನ ದಿನವೇ ಬಾಟಲಿಯನ್ನು ನಿಲ್ಲಿಸಿಡಿ, ಗಸಿ ತಳಕ್ಕಿಳಿಯಲಿ. ಬಗ್ಗಿಸುವಾಗ ಕೊರಳಲ್ಲಿ ಕಪ್ಪು ಎಳೆ ಕಂಡ ಕೂಡಲೇ ಕೈ ತಡೆಯಿರಿ.