ಜೀವಾವಧಿ ಅಂದ್ರೆ ಹದಿನಾಲ್ಕೇ ಅಲ್ವಾ ಸಾರ್?

ಕೊಲೆ ಪ್ರಕರಣವೊಂದರ ತೀರ್ಪಿನ ಕಾಪಿ ಡೆಸ್ಕಿಗೆ ಬಂದಾಗ ಜಿಲ್ಲಾ ಪುಟ ಮುಗಿಸುವ ಹೊತ್ತಾಗಿತ್ತು. ಹೊಸದಾಗಿ ಸೇರಿದ್ದ ವರದಿಗಾರ ‘ಆರೋಪಿಗೆ ಜೀವಾವಧಿ’ ಎಂದು ಬರೆದು, ಪಕ್ಕದಲ್ಲೇ ಆವರಣದೊಳಗೆ ‘14 ವರ್ಷ’ ಎಂದು ಸೇರಿಸಿದ್ದ. ಶಿಕ್ಷೆಯಾದ ಮೇಲೆ ಆರೋಪಿ ಅಪರಾಧಿಯಾಗುತ್ತಾನೆ. ಅದನ್ನು ತಿದ್ದಿದ್ದಕ್ಕೆ ಅವನದೇನೂ ತಕರಾರಿರಲಿಲ್ಲ. ಆವರಣ ಹಾರಿಸಿದ್ದಕ್ಕೆ ಮಾತ್ರ ಕುರ್ಚಿ ಎಳೆದುಕೊಂಡು ಬಂದು ಕೂತ.

‘ಜೀವಾವಧಿ ಅಂದ್ರೆ ಹದಿನಾಲ್ಕೇ ಅಲ್ವಾ ಸಾರ್? ಎಲ್ರೂ ಹಂಗೇ ಹೇಳ್ತಾರಲ್ಲ?’

ಹೇಳುತ್ತಾರೆ, ನಿಜ. ಜೈಲಿನಲ್ಲಿ ಹಗಲಿಗೊಂದು ದಿನ, ರಾತ್ರಿಗೊಂದು ದಿನ ಎಂದು ಅದನ್ನೂ ಏಳಕ್ಕೆ ಇಳಿಸುವವರಿದ್ದಾರೆ. ಕಾನೂನಿನಲ್ಲಿ ಅಂಥ ಲೆಕ್ಕವೇ ಇಲ್ಲ. ಜೀವ ಇರುವಷ್ಟು ಅವಧಿ, ಅಷ್ಟೇ. ಗಾಂಧಿ ಹತ್ಯೆ ಪ್ರಕರಣದ ಗೋಪಾಲ ಗೋಡ್ಸೆ, ಜೈಲಿನಲ್ಲಿ ಸಿಕ್ಕ ಶಿಕ್ಷೆ ಮಾಫಿಯ ದಿನಗಳನ್ನೂ ಸೇರಿಸಿದರೆ 20 ವರ್ಷ ಮುಗಿದಿದೆ, ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದ. 1961ರಲ್ಲಿ ಕೋರ್ಟು ಒಪ್ಪಲಿಲ್ಲ. ಸರ್ಕಾರ ಕಡಿತಗೊಳಿಸದ ಹೊರತು ಉಳಿದ ಆಯುಸ್ಸೆಲ್ಲ ಶಿಕ್ಷೆಯೇ ಎಂದಿತು.

14 ಬಂದದ್ದು ಬೇರೆ ದಾರಿಯಿಂದ. ಇಂಥ ಕೈದಿಗಳನ್ನು ಸರ್ಕಾರಗಳು ತೀರಾ ಬೇಗ ಬಿಡುತ್ತಿದ್ದವು ಎಂದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿತು. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿಯಾದವನನ್ನು 14 ವರ್ಷ ಒಳಗಿಡದೆ ಬಿಡುವಂತಿಲ್ಲ. ಹದಿನಾಲ್ಕು ತುಂಬಿದರೆ ಬಿಡಲೇಬೇಕು ಎಂದು ಅದರಲ್ಲೆಲ್ಲೂ ಇಲ್ಲ. ಅದರ ಜಾಗಕ್ಕೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ.

‘ಮತ್ತೆ ಸ್ವಾತಂತ್ರ್ಯ ದಿನಾಚರಣೆಗೆ ಬಿಡ್ತಾರಲ್ಲ?’

‘ಸನ್ನಡತೆ ನೋಡಿ ಸರ್ಕಾರ ಬಿಟ್ರೆ ಉಂಟು. ಹೆಂಡತಿಯನ್ನ ಕೊಂದ ಬೆಂಗಳೂರಿನ ಶ್ರದ್ಧಾನಂದನ ಕೇಸ್ ಓದು. 2008ರಲ್ಲಿ ಗಲ್ಲು ತಪ್ಪಿಸಿದ ಸುಪ್ರೀಂ ಕೋರ್ಟೇ, ಸಾಯೋವರೆಗೂ ಹೊರಗೆ ಬಿಡಬೇಡಿ ಅಂತ ಬರೆದಿದೆ.’

ಸತ್ತವನ ಮನೆಯವರೂ ಅಪರಾಧಿಯ ಮನೆಯವರೂ ಬೆಳಿಗ್ಗೆ ಓದುವ ಸುದ್ದಿ ಇದು. ಇಲ್ಲದ ಬಿಡುಗಡೆ ತಾರೀಕನ್ನು ಇಬ್ಬರ ಕೈಗೂ ಕೊಡುವುದು ನನಗೆ ಬೇಕಿರಲಿಲ್ಲ. ಓದುಗರಿಗೆ ಸುಲಭವಾಗಲಿ ಎಂಬ ನೆಪದಲ್ಲಿ ಹೀಗೆ ಆವರಣ ಹಾಕುವ ಚಾಳಿ ಹಳಬರಲ್ಲೂ ಇದೆ.

ಆವರಣ ಹೋಗಿ ಸುದ್ದಿ ಒಂದು ಸಾಲು ಕಡಿಮೆ ಬಿತ್ತು. ದಂಡದ ಮೊತ್ತ ಕಾಪಿಯಲ್ಲಿರಲಿಲ್ಲ. ವಕೀಲರಿಗೆ ಫೋನ್ ಮಾಡಿಸಿ ‘50 ಸಾವಿರ ರೂಪಾಯಿ ದಂಡ, ಕಟ್ಟಲು ತಪ್ಪಿದರೆ ಒಂದು ವರ್ಷ ಹೆಚ್ಚುವರಿ ಸಜೆ’ ಎಂದು ಸೇರಿಸಿದೆವು. ಟೈಪ್ ಮಾಡುತ್ತಲೇ ಹುಡುಗ ತಲೆಯೆತ್ತಿದ.

‘ಸಾರ್, ಆಯುಸ್ಸೆಲ್ಲ ಶಿಕ್ಷೆ ಆದ್ರೆ ಈ ಒಂದು ವರ್ಷ ಯಾವಾಗ ಅನುಭವಿಸ್ತಾನೆ?’