ಸೋಮವಾರದ ಸುದ್ದಿಪತ್ರ, ಶುಕ್ರವಾರದ ಕೆಲಸ

ಕಾಲೇಜಿನ ಸಿಬ್ಬಂದಿಗೆಲ್ಲ ವಾರದ ಸುದ್ದಿಪತ್ರ ಮೇಲ್‌ನಲ್ಲಿ ಹೋಗುವುದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ಅದು ಸರಿಯಾಗುವುದೂ ಕೆಡುವುದೂ ಶುಕ್ರವಾರ. ಸುದ್ದಿ ಕಳಿಸುವ ಗಡುವು ಗುರುವಾರ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಶುಕ್ರವಾರ ಕುಳಿತು ನೋಡಿದರೆ ಒಂದು ವಿಭಾಗದಿಂದ ಪೋಸ್ಟರಿನ ಚಿತ್ರ, ಇನ್ನೊಂದರಿಂದ ಸ್ಕ್ಯಾನ್ ಮಾಡಿದ ಸುತ್ತೋಲೆ, ಮತ್ತೊಂದರಿಂದ ‘ನಮ್ಮ ಕಾರ್ಯಾಗಾರದ ಬಗ್ಗೆ ಹಾಕಿ’ ಎಂಬ ಒಂದೇ ಸಾಲು.

ಭಾಷೆ ತಿದ್ದುವುದು ಆಮೇಲೆ. ಮೊದಲು ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ವಾರಕ್ಕೂ ತಾರೀಕಿಗೂ ತಾಳೆ ನೋಡಬೇಕು. ‘ಮಂಗಳವಾರ, 14’ ಎಂದು ಬರೆದಿರುತ್ತಾರೆ, 14 ಬುಧವಾರ ಬಿದ್ದಿರುತ್ತದೆ. ಇಂಥದ್ದನ್ನು ನಾವೇ ಊಹಿಸಿ ತಿದ್ದಬಾರದು. ವರ್ಷವೆಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಅದೇ ತಾರೀಕು ಮರುವರ್ಷ ವಾರದಲ್ಲಿ ಒಂದು ದಿನ ಮುಂದೆ, ನಡುವೆ ಫೆಬ್ರವರಿ 29 ಬಂದಿದ್ದರೆ ಎರಡು ದಿನ ಮುಂದೆ ಬೀಳುತ್ತದೆ. ವ್ಯತ್ಯಾಸ ಸರಿಯಾಗಿ ಒಂದೇ ದಿನದ್ದಾದರೆ ಹೋದ ವರ್ಷದ ಕಡತವನ್ನೇ ನಕಲು ಮಾಡಿದ್ದಾರೆ ಎಂದು ಅನುಮಾನಿಸಬೇಕು. ಆಗ ಕೊಠಡಿ, ಸಮಯ, ಸಂಪರ್ಕದ ಹೆಸರು ಇವೂ ಹಳೆಯವೇ ಇರಬಹುದು. ಫೋನ್ ಮಾಡಿ ಪ್ರತಿಯೊಂದನ್ನೂ ಕೇಳಿಯೇ ಬರೆಯಬೇಕು.

‘ನಾಳೆ’, ‘ಈ ವಾರ’ ಎಂಬ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಸೋಮವಾರದ ಮೇಲ್ ಅನ್ನು ಗುರುವಾರ ತೆರೆಯುವವರೂ ಇದ್ದಾರೆ. ‘15ರವರೆಗೆ’ ಎಂದರೆ 15 ಸೇರಿಯೋ ಸೇರದೆಯೋ? ‘15ರ ಸಂಜೆ 5ರೊಳಗೆ’ ಎಂದು ಬರೆದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ‘ಹಳೇ ಸೆಮಿನಾರ್ ಹಾಲ್’ ಎಂಬುದು ಹತ್ತು ವರ್ಷ ಇದ್ದವರಿಗೆ ಗೊತ್ತು, ಹೋದ ತಿಂಗಳು ಸೇರಿದವರಿಗಲ್ಲ. ಕಟ್ಟಡ, ಮಹಡಿ, ಕೊಠಡಿ ಸಂಖ್ಯೆ ಮೂರೂ ಬೇಕು.

ಸಾಧನೆಯ ಸುದ್ದಿಗಳಲ್ಲಿ ಒಂದು ಕ್ರಿಯಾಪದ ತಪ್ಪಿದರೂ ಸುದ್ದಿಯೇ ಸುಳ್ಳಾಗುತ್ತದೆ. ಪ್ರಬಂಧ ಕಳಿಸಿದ್ದು ಬೇರೆ, ಸ್ವೀಕಾರವಾದದ್ದು ಬೇರೆ, ಪ್ರಕಟವಾದದ್ದು ಬೇರೆ. ಪೇಟೆಂಟಿನಲ್ಲಂತೂ ಈ ಗೊಂದಲ ಪದೇ ಪದೇ ಆಗುತ್ತದೆ. ಬಹಳಷ್ಟು ದೇಶಗಳಲ್ಲಿ ಅರ್ಜಿಯನ್ನು ಸುಮಾರು 18 ತಿಂಗಳಿಗೆ ಪೇಟೆಂಟ್ ಕಚೇರಿಯೇ ಪ್ರಕಟಿಸುತ್ತದೆ. ಅದು ವಿಧಾನದ ಒಂದು ಹಂತವಷ್ಟೆ, ಪೇಟೆಂಟ್ ಮಂಜೂರಾದಂತಲ್ಲ. ‘ಪೇಟೆಂಟ್ ಪ್ರಕಟವಾಗಿದೆ’ ಎಂದು ಬಂದದ್ದನ್ನು ‘ಪೇಟೆಂಟ್ ದೊರೆತಿದೆ’ ಎಂದು ಹಾಕಿದರೆ ಆ ಅಧ್ಯಾಪಕರೇ ಮುಜುಗರಪಡಬೇಕಾಗುತ್ತದೆ. ಸಹಲೇಖಕರಲ್ಲಿ ನಮ್ಮ ಕಾಲೇಜಿನವರ ಹೆಸರು ಒಂದೂ ಬಿಡಬಾರದು. ಪ್ರಯೋಗಾಲಯದ ತಂತ್ರಜ್ಞರು ಲೇಖಕರಾಗಿದ್ದರೆ ಅವರ ಹೆಸರಿಗೂ ಅಷ್ಟೇ ಗೌರವ ಸಲ್ಲಬೇಕು.

ನಿಧನದ ಸುದ್ದಿಗೆ ಸೋಮವಾರದವರೆಗೆ ಕಾಯಬಾರದು. ಮನೆಯವರನ್ನು ಕೇಳಿ, ಹೆಸರಿನ ಅಕ್ಷರ ಅಕ್ಷರವನ್ನೂ ಅವರಿಂದಲೇ ಖಚಿತಪಡಿಸಿಕೊಂಡು, ಅಂದೇ ಪ್ರತ್ಯೇಕ ಮೇಲ್ ಕಳಿಸಬೇಕು. ಅವರಾಗಿ ಹೇಳದ ಹೊರತು ಸಾವಿನ ಕಾರಣ ಬರೆಯಕೂಡದು.

ಮಧ್ಯಾಹ್ನ ಜೋಡಣೆ. ಗಡುವಿರುವವು ಮೇಲೆ: ಪರೀಕ್ಷಾ ಕರ್ತವ್ಯದ ಪಟ್ಟಿ, ವೇತನ ವಿಭಾಗ ಕೇಳಿದ ನಮೂನೆ, ಅನುದಾನದ ಅರ್ಜಿ. ಕಾರ್ಯಕ್ರಮಗಳು ಅವುಗಳ ಕೆಳಗೆ, ಅಭಿನಂದನೆಗಳು ಇನ್ನೂ ಕೆಳಗೆ. ಒಂದೊಂದು ಸುದ್ದಿಗೂ 40ರಿಂದ 60 ಪದ ಸಾಕು. ಹೆಚ್ಚು ಬೇಕಾದವರಿಗೆ ಲಿಂಕ್ ಇದೆ. ಪೋಸ್ಟರನ್ನು ಹಾಗೇ ಅಂಟಿಸಿದರೆ, ಮೇಲ್‌ನಲ್ಲಿ ಚಿತ್ರಗಳನ್ನು ತಡೆಹಿಡಿದವರಿಗೆ ಬರೀ ಖಾಲಿ ಚೌಕ ಕಾಣುತ್ತದೆ, ದೃಷ್ಟಿ ಇಲ್ಲದ ಸಹೋದ್ಯೋಗಿಯ ಸ್ಕ್ರೀನ್ ರೀಡರಿಗೆ ಅದರಲ್ಲಿ ಓದಲು ಏನೂ ಸಿಗುವುದಿಲ್ಲ. ಆದ್ದರಿಂದ ಪೋಸ್ಟರಿನ ಮಾಹಿತಿಯನ್ನು ಅಕ್ಷರದಲ್ಲಿ ಬರೆಯಲೇಬೇಕು. ವರ್ಡ್‌ನಿಂದ ನೇರ ಅಂಟಿಸುವುದೂ ಬೇಡ. ಕಣ್ಣಿಗೆ ಕಾಣದ ವಿನ್ಯಾಸದ ಕೋಡ್ ಜೊತೆಗೆ ಬಂದು ಮೇಲ್ ಉಬ್ಬುತ್ತದೆ, ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ತೋರಿಸುತ್ತದೆ. ಬರೀ ಪಠ್ಯವಾಗಿ ಅಂಟಿಸಿ, ಆಮೇಲೆ ಶೀರ್ಷಿಕೆಗಳನ್ನು ಹಾಕಿಕೊಳ್ಳುವುದು ಒಳ್ಳೆಯದು.

ಲಿಂಕುಗಳನ್ನು ನಮ್ಮ ಕಂಪ್ಯೂಟರಿನಲ್ಲಿ ಒತ್ತಿ ನೋಡಿದರೆ ಪರೀಕ್ಷೆ ಆದಂತಲ್ಲ. ನಾವು ಲಾಗಿನ್ ಆಗಿರುವುದರಿಂದ ಎಲ್ಲವೂ ತೆರೆಯುತ್ತವೆ. ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಒತ್ತಿದಾಗಲೇ ‘ನಿಮಗೆ ಅನುಮತಿ ಇಲ್ಲ’ ಎಂಬುದು ಬಯಲಾಗುವುದು. ಸಿಬ್ಬಂದಿಗೆ ಮಾತ್ರ ಮೀಸಲಾದ ಫಾರಂ ಆಗಿದ್ದರೆ ಬೇರೆ ವಿಭಾಗದ ಒಬ್ಬರ ಖಾತೆಯಿಂದ ತೆರೆಸಿ ನೋಡಬೇಕು.

ವಿಳಾಸಗಳ ಪಟ್ಟಿಯ ವಿಷಯದಲ್ಲಿ ಉದಾಸೀನ ಸಲ್ಲದು. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಒಂದು ಪರೀಕ್ಷಾ ಮೇಲ್ ಸುಮಾರು 8,40,000 ಖಾತೆಗಳಿಗೆ ಹೋಯಿತು. ‘ನನ್ನನ್ನು ಪಟ್ಟಿಯಿಂದ ತೆಗೆಯಿರಿ’ ಎಂದು ಜನ ಎಲ್ಲರಿಗೂ ಉತ್ತರಿಸತೊಡಗಿ ಇಡೀ ಮೇಲ್ ವ್ಯವಸ್ಥೆ ನಿಧಾನವಾಯಿತು. ಪಟ್ಟಿಗೆ ಮೇಲ್ ಕಳಿಸುವ ಅಧಿಕಾರ ಇಬ್ಬರು ಮೂವರಿಗೆ ಮಾತ್ರ ಇರಲಿ, ಉತ್ತರಗಳು ಸಂಪಾದಕರಿಗಷ್ಟೇ ಬರುವಂತಿರಲಿ. ಬಿಡಿ ವಿಳಾಸಗಳಿದ್ದರೆ ಅವೆಲ್ಲ ಬಿಸಿಸಿಯಲ್ಲಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿನಲ್ಲಿ, ಇರಲಿ.

ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ಈಗ ನಂಬುವಂತಿಲ್ಲ. ಮೇಲ್ ಒಳಗಿನ ಚಿತ್ರವನ್ನು ತರಿಸಿಕೊಂಡರೆ ತೆರೆದಂತೆ ಎಂದು ಎಣಿಸುವ ಲೆಕ್ಕ ಅದು. 2021ರಿಂದ ಆಪಲ್‌ನ ಮೇಲ್ ಆ್ಯಪ್ ಖಾಸಗಿತನ ಕಾಯಲೆಂದು ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುವುದರಿಂದ, ಓದದವರೂ ಓದಿದಂತೆ ಎಣಿಕೆಯಾಗುತ್ತಾರೆ. ಯಾವ ಲಿಂಕ್ ಎಷ್ಟು ಸಲ ಒತ್ತಿದರು, ಕಾರ್ಯಾಗಾರಕ್ಕೆ ಎಷ್ಟು ಹೆಸರು ಬಂತು, ಅದನ್ನು ನೋಡುವುದೇ ಮೇಲು.

ಇಷ್ಟು ಮಾಡಿಯೂ ತಪ್ಪು ಉಳಿಯುತ್ತದೆ. ಆಗ ಕಳಿಸಿದ ಮೇಲ್ ಹಿಂಪಡೆಯಲು ಹೋಗಬೇಡಿ. ಸಂಸ್ಥೆಯ ಹೊರಗಿನ ಖಾತೆಗಳಲ್ಲಿ ಅದು ನಡೆಯುವುದಿಲ್ಲ, ಎಲ್ಲರ ಗಮನ ಮಾತ್ರ ತಪ್ಪಿನತ್ತ ಹೋಗುತ್ತದೆ. ವಿಷಯದ ಸಾಲಿನಲ್ಲಿ ‘ತಿದ್ದುಪಡಿ’ ಎಂದು ಹಾಕಿ, ಅದೊಂದೇ ಸುದ್ದಿಯನ್ನು, ಸರಿಯಾದ ಮಾಹಿತಿ ಮೊದಲು ಬರುವಂತೆ ಕಳಿಸಿ.

ಮೇಲ್ ಹೋದ ಮೇಲೂ ಒಂದು ಕೆಲಸವಿದೆ, ಅದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಟೆಂಡರುಗಳು, ಸ್ವಚ್ಛತಾ ಸಿಬ್ಬಂದಿ, ಕಾವಲಿನವರು ದಿನವಿಡೀ ಮೇಲ್ ಮುಂದೆ ಕೂರುವವರಲ್ಲ. ಆದರೆ ರಜೆಯ ಪಟ್ಟಿಯೂ ಆರೋಗ್ಯ ತಪಾಸಣೆಯ ದಿನಾಂಕವೂ ಅವರಿಗೂ ಬೇಕು. ಅವರಿಗೆ ಸಂಬಂಧಿಸಿದ್ದನ್ನು ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ ಮುದ್ರಿಸಿ ಹಾಜರಿ ಹಾಕುವ ಜಾಗದ ಪಕ್ಕ ಅಂಟಿಸುತ್ತೇವೆ. ಕ್ಯೂಆರ್ ಕೋಡ್ ಹಾಕುವುದಾದರೆ ನಿಂತು ನೋಡುವ ದೂರದ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು: ಒಂದು ಮೀಟರಿಗೆ 10 ಸೆಂಟಿಮೀಟರ್. ಹೊಸ ಹಾಳೆ ಅಂಟಿಸುವ ಕೈಯೇ ಹೋದ ವಾರದ್ದನ್ನು ಕಿತ್ತು ತರಬೇಕು.