ಟೈ ಮೇಲಿನ ಸಕ್ಕರೆ ಪುಡಿ

ಇವತ್ತು ಪೂಜೆ ಮುಗಿದ ಮೇಲೆ ಚರ್ಚ್ ಹಾಲಲ್ಲಿ ಕಾಫಿ, ಡೋನಟ್. ಎದುರಿಗೆ ಕೂತ ಅಜ್ಜ ಪಕ್ಕಾ ಕನ್ಸರ್ವೇಟಿವ್. ಲ್ಯಾಟಿನ್ ಭಾಷೆಯ ಹಳೇ ಪದ್ಧತಿಯ ಪೂಜೆ ಅಂದ್ರೆ ಪ್ರಾಣ. ಗರ್ಭಪಾತದ ವಿರುದ್ಧ ಜನವರಿ ಚಳಿಯಲ್ಲಿ ವಾಷಿಂಗ್ಟನ್ ಬೀದಿಯಲ್ಲಿ ನಡೆದವರು.

ಮಾತು ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ಕಡೆ ಹೊರಳಿತು. 2025ರಲ್ಲಿ ವಲಸಿಗರ ವಿಷಯಕ್ಕೆ 'ಓರ್ಡೊ ಅಮೋರಿಸ್' ಅಂದರಲ್ಲ. ಪ್ರೀತಿಗೂ ಒಂದು ಸಾಲಿದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ಕೊನೆಗೆ ಉಳಿದ ಲೋಕ ಅಂತ. ಪೋಪ್ ಫ್ರಾನ್ಸಿಸ್ ಫೆಬ್ರವರಿಯಲ್ಲಿ ಅಮೆರಿಕದ ಬಿಷಪರಿಗೆ ಪತ್ರ ಬರೆದು ಬೈಬಲ್‌ನ ಒಳ್ಳೆ ಸಮಾರ್ಯದವನ ಕಥೆ ನೆನಪಿಸಿದರು, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ಆಸರೆಯಾದವನ ಕಥೆ.

"ವ್ಯಾನ್ಸ್ ಹೇಳಿದ್ದೇ ಸರಿ" ಅಂದರು ಅಜ್ಜ. ಡೋನಟ್‌ನ ಸಕ್ಕರೆ ಪುಡಿ ಟೈ ಮೇಲೆಲ್ಲ ಉದುರುತ್ತಿತ್ತು. "ಆದ್ರೆ ಪೋಪ್ ಮಾತನ್ನ ತಳ್ಳಿಹಾಕೋಕೂ ಆಗಲ್ಲ."

ಅಷ್ಟು ಹೇಳಿ ಸುಮ್ಮನಾದರು. ನನಗೆ ಆ ಸುಮ್ಮನಾಗಿದ್ದೇ ಜಾಸ್ತಿ ಇಷ್ಟವಾಯ್ತು. ಟೀವಿಯಲ್ಲಿ ಯಾರೂ ಸುಮ್ಮನಾಗೋದೇ ಇಲ್ಲ, ಅಲ್ವಾ? (ಮಂಗಳೂರಲ್ಲಾದರೆ ಪೂಜೆ ಮುಗಿದ ಮೇಲೆ ಬಂಗುಡೆ ರೇಟು ಬಿಟ್ಟು ಬೇರೆ ಮಾತಿಲ್ಲ.)

ಹೊರಡುವಾಗ ಉಳಿದ ಎರಡು ಡೋನಟ್ ಪೇಪರಲ್ಲಿ ಸುತ್ತಿಕೊಂಡರು. ಒಂದು ಹೆಂಡತಿಗೆ ಅಂತ ಕೋಟಿನ ಜೇಬಿಗೆ. ಇನ್ನೊಂದು, ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಗ್ವಾಟೆಮಾಲದ ಹುಡುಗನ ಕೈಗೆ.

ಟೈ ಮಾತ್ರ ಒರೆಸಿಕೊಳ್ಳಲಿಲ್ಲ.